ಹಿತ್ತಲು ಅಪ್‌ಡೇಟ್: ಅವರೆ ಮುಗೀತು, ಬೇಸಿಗೆ ಪಾತಿ ಶುರು

ಇಬ್ಬನಿ ಕಮ್ಮಿ ಆದಂಗೆ ಅವರೆಕಾಯಿ ಸೊಗಡೂ ಹೋಯ್ತು, ಕೊನೇ ಕಾಯೆಲ್ಲ ಹಿತ್ಕಿದ್ಬೇಳೆ ಸಾರಿಗೆ ಹೋಯ್ತು, ಈಗ ಹಿತ್ತಲು ಖಾಲಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರೆ, ಕೋಲಾರದಲ್ಲಿ ಅದು ಅಷ್ಟ್ರವರೆಗೂ ಕಾಯೋ ಲಕ್ಷಣ ಕಾಣ್ತಿಲ್ಲ, ಮಧ್ಯಾಹ್ನದ ಬಿಸಿಲು ಆಗ್ಲೇ ಚುರುಚುರು ಅಂತಿದೆ. ಯುಗಾದಿಗೆ ವಸಂತ ಬರುತ್ತೆ ಅಂತ ಪಂಚಾಂಗ ಹೇಳುತ್ತೆ, ನಮಗೆ ಬರೋದು ನೀರಿನ ಚಿಂತೆ. ಅದಕ್ಕೇ ಈ ಸಲ ಹೊಸ ಗಿಡ ತರೋ ಆಸೆ ಪಕ್ಕಕ್ಕಿಟ್ಟು, ಮಣ್ಣು ನೀರು ಹಿಡ್ಕೊಳ್ಳೋ ಹಾಗೆ ಮಾಡೋದಷ್ಟೇ ಕೆಲಸ.

ಅವರೆ ಗಿಡ ಕಿತ್ತು ಹಾಕ್ಲಿಲ್ಲ, ಬುಡಕ್ಕೆ ಕತ್ತರಿಸ್ದೆ, ಬೇರು ಮಣ್ಣಲ್ಲೇ ಕೊಳೀಲಿ ಅಂತ. ಒಂದೆರಡು ಗಿಡ ಮಾತ್ರ ಕಿತ್ತು ಬೇರು ನೋಡ್ದೆ. ಸಾರಜನಕ ಹಿಡಿಯೋ ಒಳ್ಳೆ ಗಂಟು ಬೇರಿನ ಪಕ್ಕಕ್ಕೆ ಅಂಟ್ಕೊಂಡಿರುತ್ತೆ, ಬೆರಳಲ್ಲಿ ಉಜ್ಜಿದ್ರೆ ಉದುರುತ್ತೆ, ಆದ್ರೆ ಬೇರುಗಂಟು ಹುಳ ಬಿದ್ದಿದ್ರೆ ಬೇರೇ ಊದ್ಕೊಂಡಿರುತ್ತೆ, ಉಜ್ಜಿದ್ರೂ ಹೋಗಲ್ಲ. ಕಾಂಪೌಂಡ್ ಕಡೆ ಗಿಡದಲ್ಲಿ ಎರಡನೇದು ಕಾಣಿಸ್ತು. ಹಾಗಾಗಿ ಆ ಪಾತಿಗೆ ಟೊಮ್ಯಾಟೊ, ಬದನೆ ಎರಡೂ ಇಲ್ಲ, ಬೇವಿನ ಹಿಂಡಿ ಹಾಕಿ ಚೆಂಡು ಹೂವು ಇಡ್ತೀನಿ.

ಇನ್ನು ಪಾತಿ ವಿಷಯ. ಯೂಟ್ಯೂಬಲ್ಲಿ ನೋಡಿದ್ರೆ ಎಲ್ರೂ ಮಣ್ಣು ಏರ್ಸಿ ಏರ್ಸಿ ಮಡಿ ಕಟ್ತಾರೆ, ಮಳೆಗಾಲಕ್ಕೆ ಸರಿ, ನೀರು ಬಸಿದು ಹೋಗುತ್ತೆ. ಬೇಸಿಗೇಲಿ ನಮ್ಮ ಕೆಮ್ಮಣ್ಣಲ್ಲಿ ಏರ್ಸಿದ ಮಡಿ ನಾಲ್ಕೂ ಕಡೆಯಿಂದ ಒಣಗುತ್ತೆ. ಅದಕ್ಕೆ ನಾನು ಉಲ್ಟಾ ಮಾಡ್ದೆ, ಪಾತಿ ನೆಲಕ್ಕಿಂತ ಒಂದು ಗೇಣು ತಗ್ಗು. ಮೂರಡಿ ಅಗಲ, ಎಂಟಡಿ ಉದ್ದ. ಮೇಲಿನ ಮಣ್ಣು ಬೇರೆ ಗುಡ್ಡೆ, ಕೆಳಗಿನ ಗಟ್ಟಿ ಮಣ್ಣು ಬದುವಿಗೆ. ಪಿಕಾಸಿ ಹಿಡಿದು ಅಗೀತಿದ್ರೆ ಪಕ್ಕದ್ಮನೆ ತಾತ ಕಾಂಪೌಂಡ್ ಮೇಲಿಂದ ಬಗ್ಗಿ "ಏನಪ್ಪಾ, ಸಂಪು ಕಟ್ತಿದ್ದೀಯಾ?" ಅಂದ್ರು. ಸಂಪೇ ತಾತ, ಮಣ್ಣಿನ ಸಂಪು ಅಂದೆ. ತಳಕ್ಕೆ ಕತ್ತರಿಸಿದ ಅವರೆ ಗಿಡ, ಅದ್ರ ಮೇಲೆ ಹಳೇ ತಿಪ್ಪೆ ಗೊಬ್ಬರ ಬಾಂಡ್ಲಿ ಬಾಂಡ್ಲಿ ಸುರಿದು, ಮೇಲಿನ ಮಣ್ಣು ವಾಪಸ್ ತುಂಬಿ ಚೆನ್ನಾಗಿ ನೆನೆಸಿ ಬಿಟ್ಟಿದೀನಿ.

ಮೇಲ್ಗಡೆ ಹೊದಿಕೆಗೆ ಹೊಂಗೆ ತರಗು. ಈಗ ರಸ್ತೆ ಬದಿ ಹೊಂಗೆ ಮರ ಎಲ್ಲ ಎಲೆ ಉದುರಿಸ್ತಿವೆ, ಜನ ಗುಡಿಸಿ ರಾಶಿ ಮಾಡಿ ಬೆಂಕಿ ಇಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಬೆಳಿಗ್ಗೆ ಬೇಗ ಎದ್ದು ಚೀಲ ತಗೊಂಡು ಹೋದ್ರೆ ಫ್ರೀಯಾಗಿ ಸಿಗುತ್ತೆ. ಮನೇಲಿ ಮರ್ಯಾದೆ ಪ್ರಶ್ನೆ ಅಂತಾರೆ, ಇರ್ಲಿ.

ಟೊಮ್ಯಾಟೊ ಒಟ್ಲು ಸಂಕ್ರಾಂತಿ ಆದ್ಮೇಲೆ ಹಾಕಿದ್ದು, ಪ್ರೋಟ್ರೇನಲ್ಲಿ (ಸಸಿ ಬೆಳೆಸೋ ಗುಳಿ ಗುಳಿ ಪ್ಲಾಸ್ಟಿಕ್ ತಟ್ಟೆ), ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುದುರು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡ್ಕೊಳ್ಳೋ ತಳಿ. ಹಾಗಂತ ಹಂಗೇ ಬಿಡೋಕಾಗಲ್ಲ, ಬಿಸಿಲು ಏರ್ತಿದ್ದಂಗೆ ಬಿಳಿ ನೊಣ ಜಾಸ್ತಿ ಆಗುತ್ತೆ, ಮುದುರು ರೋಗ ಹರಡೋದೇ ಅದು. ಟ್ರೇ ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿದೀನಿ, ಪಕ್ಕದಲ್ಲಿ ಹಳದಿ ಅಂಟು ಕಾರ್ಡ್. ಟೊಮ್ಯಾಟೊ ಮಂಡಿ ಇರೋ ಊರಲ್ಲಿ ಮನೇಲಿ ಟೊಮ್ಯಾಟೊ ಯಾಕೋ ಅಂತ ಫ್ರೆಂಡ್ಸ್ ನಗ್ತಾರೆ, 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2 ಸಾವಿರ ದಾಟಿದಾಗ ಒಬ್ರೂ ನಗ್ಲಿಲ್ಲ.

ಡ್ರಿಪ್ ಪೈಪ್ ಬಿಚ್ಚಿ ನೋಡಿದ್ರೆ ಅರ್ಧ ತೂತು ಬೋರ್‌ವೆಲ್ ನೀರಿನ ಸುಣ್ಣಕ್ಕೆ ಕಟ್ಕೊಂಡಿದ್ವು. ಡ್ರಿಪ್ಪರ್ ಕಿತ್ತು ವಿನೆಗರಲ್ಲಿ ರಾತ್ರಿಯೆಲ್ಲ ನೆನೆಸಿ ತೊಳೆದೆ, ಈಗ ಸರಿಯಾಗಿ ತೊಟ್ಟಿಕ್ತಿದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಪಾತಿಗೆ ಹೋಗುತ್ತೆ, ಆರ್‌ಓ ವೇಸ್ಟ್ ನೀರು ಮಾತ್ರ ಬೇಡ ಅಂತ ಅಮ್ಮಂಗೆ ಹೇಳಿದೀನಿ, ಬೋರ್ ನೀರಿನ ಉಪ್ಪೆಲ್ಲ ಅದ್ರಲ್ಲೇ ಗಟ್ಟಿಯಾಗಿ ಉಳ್ದಿರುತ್ತೆ, ನೆಲ ಒರೆಸೋಕೆ ಸಾಕು.

ಮಲ್ಲಿಗೆ ಕತ್ತರಿಸಿ ಆಯ್ತು, ಬುಡಕ್ಕೆ ಗೊಬ್ಬರ ಕೊಟ್ಟೂ ಆಯ್ತು. ಕರಿಬೇವು ತುದಿ ಚಿವುಟಿದೀನಿ. ಮಾವಿನ ಮರ ಹೂ ಬಿಟ್ಟಿದೆ, ಕಾಯಿ ಬಟಾಣಿ ಗಾತ್ರ ಆಗೋವರೆಗೂ ಅದಕ್ಕೆ ನೀರು ಬಿಡಲ್ಲ, ಜೇನುನೊಣ ಓಡಾಡೋವಾಗ ಏನೂ ಹೊಡೆಯೋದೂ ಇಲ್ಲ, ಜಿಗಿ ಹುಳ ಸ್ವಲ್ಪ ಇದೆ, ನೋಡ್ಬೇಕು.

ಬಾಕಿ ಇರೋದು ಕೆರೆ ಮಣ್ಣು. ಕೆಮ್ಮಣ್ಣಿಗೆ ಎರಡಿಂಚು ಕೆರೆ ಗೋಡು ಬೆರೆಸಿದ್ರೆ ತೇವ ಹಿಡಿಯೋದೇ ಬೇರೆ. ಮುಂಚೆ ಒಣಗಿದ ಕೆರೆಗೆ ಟ್ರ್ಯಾಕ್ಟರ್ ಇಳಿಸಿದ್ರೆ ಆಯ್ತು, 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಕಳಿಸೋದು) ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಬೇರೆ ಕೆರೆಗಳಿಗೆ ಹರಿಯೋಕೆ ಶುರುವಾದ್ಮೇಲೆ ಸುಮಾರು ಕೆರೇಲಿ ನೀರು ನಿಂತಿದೆ. ನೀರು ಬಂದಿದ್ದು ಖುಷಿನೇ, ಗೋಡು ತರೋರಿಗೆ ಮಾತ್ರ ದೂರ ಆಯ್ತು. ನೀರು ಬರದಿರೋ ಕೆರೇಲಿ ಯಾರಾದ್ರೂ ಹೂಳೆತ್ತಿಸ್ತಿದ್ರೆ ಹೇಳಿ, ಅರ್ಧ ಟ್ರ್ಯಾಕ್ಟರ್ ಸಾಕು, ಬಾಡಿಗೆ ನಾನೇ ಕೊಡ್ತೀನಿ. ಗೋಡು ಬೆರೆಸಿದ ಪಾತೀಲಿ ಸಸಿ ನಾಟಿ, ಬೆರೆಸದೇ ಇರೋ ಪಾತಿಗೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಯುಗಾದಿ ಹೊತ್ತಿಗೆ ಫೋಟೋ ಹಾಕ್ತೀನಿ.