ಮಳೆಗಾಲದ ಬೆಳಕು: ಫ್ಲಿಕರ್ ಕೊನೆಗೂ ಹೋಯಿತು

ಮಳೆಗಾಲದಲ್ಲಿ ಮನೆಯೊಳಗೆ ಜೋರು ಬೆಳಕು ಇರಲಿ ಅಂತ ನಾನೇ ಎಲ್‌ಇಡಿ ದೀಪ ಕಟ್ಟುತ್ತಿದ್ದೆ. ಅದರ ಫ್ಲಿಕರ್, ಅಂದರೆ ಬೇಗ ಬೇಗ ಹತ್ತಿ ಆರುವ ಮಿಣುಕು, ಕಾಡುತ್ತಿತ್ತು. ಮಿಣುಕಿದರೆ ಕೂಗಲಿ ಅಂತ ಸೋಲಾರ್ ಸೆಲ್ಲಿಗೆ ಜೋಡಿಸಿದ್ದ ಸ್ಪೀಕರ್ ಈಗ ಸುಮ್ಮನಾಯಿತು! ಕೋಣೆಯಲ್ಲಿ ಸುಮಾರು 21,000 ಲ್ಯೂಮೆನ್ (ದೀಪಗಳಿಂದ ಹೊರಡುವ ಒಟ್ಟು ಬೆಳಕಿನ ಅಳತೆ) ಬೆಳಕಿದೆ. ಸೋಲಾರ್ ಸೆಲ್ ತುಂಡನ್ನು ದೀಪದ ಮುಖಕ್ಕೇ ಹಿಡಿದರೂ ಗುಂಯ್ ಅನ್ನುತ್ತಿಲ್ಲ. ಈ ಮಳೆಗಾಲ ಮುಗಿಯುವುದರೊಳಗೆ ಇದಾಗಬೇಕಿತ್ತು, ಆಯಿತು.

ಫ್ರೇಮ್ ಕಟ್ಟಿದ್ದು, ಅಲ್ಯೂಮಿನಿಯಂ ಪ್ರೊಫೈಲ್ ಕೊಯ್ದಿದ್ದು, ಗೋಡೆಗೆ ಬಿಳಿ ಬಣ್ಣ ಹೊಡೆದಿದ್ದು ಇಲ್ಲಿ ಬರೆಯುವುದಿಲ್ಲ. ಇಂಥ ದೀಪ ಕಟ್ಟುವವರಿಗೆ ಅದೆಲ್ಲ ಗೊತ್ತಿರುವುದೇ. ಆದರೆ ಧಾರವಾಡದಲ್ಲಿ ಇದೆಲ್ಲ ಯಾಕೆ ಬೇಕು ಅಂತ ಕೇಳುವವರಿಗೆ ಒಂದು ಮಾತು. ಚಳಿಗಾಲದ ಖಿನ್ನತೆ ಮತ್ತು ಬೆಳಕಿನ ಚಿಕಿತ್ಸೆ ಬಗ್ಗೆ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಬರೆದದ್ದು ಅಮೆರಿಕದ ಜನರನ್ನು ನೋಡಿ. ಅಲ್ಲಿ ಚಳಿಗಾಲದಲ್ಲಿ ಹಗಲೇ ಗಿಡ್ಡ. ನಮ್ಮಲ್ಲಿ ಹಾಗಲ್ಲ. ಜೂನ್‌ನಲ್ಲಿ ನಮ್ಮ ಹಗಲು ಹೆಚ್ಚುಕಮ್ಮಿ 13 ತಾಸು, ವರ್ಷದಲ್ಲೇ ಉದ್ದ. ಆದರೆ ಅದೇ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿಯುತ್ತದೆ, ಕಿಟಕಿ ಮುಚ್ಚುತ್ತೇವೆ, ಇಡೀ ದಿನ ಒಳಗೇ ಇರುತ್ತೇವೆ. ಮೋಡ ಕವಿದಿದ್ದರೂ ಅಂಗಳದಲ್ಲಿ ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುವ ಉಪಕರಣ) ಸಾವಿರಗಳಲ್ಲಿ ತೋರಿಸುತ್ತದೆ. ನಮ್ಮ ಮಾಳಮಡ್ಡಿಯ ಹಳೇ ಮನೆಯಲ್ಲಿ, ಹಂಚಿನ ಮಾಡಿನ ಕೆಳಗೆ, ನನ್ನ ಮೇಜಿನ ಹತ್ತಿರ ನೂರು ದಾಟುವುದಿಲ್ಲ. ಕಣ್ಣಿಗೆ ಎರಡಕ್ಕೂ ಅಷ್ಟೇನೂ ವ್ಯತ್ಯಾಸ ಅನಿಸಲ್ಲ, ಯಾಕಂದ್ರೆ ಕಣ್ಣು ಹೊಂದಿಕೊಳ್ಳುತ್ತದೆ. ದೇಹದ ಗಡಿಯಾರಕ್ಕೆ ಮಾತ್ರ ಗೊತ್ತಾಗುತ್ತದೆ. ನೀಲಿ ಬೆಳಕಿಗೆ, ಅಂದರೆ 480 ನ್ಯಾನೋಮೀಟರ್ ಆಸುಪಾಸಿಗೆ, ಜಾಸ್ತಿ ಸ್ಪಂದಿಸುವ ಮೆಲನಾಪ್ಸಿನ್ ಅನ್ನುವ ಪ್ರೋಟೀನ್ ಇರುವ ಜೀವಕೋಶಗಳು ರೆಟಿನಾದಲ್ಲೇ ಇವೆ. ಅವು ನೋಡುವುದಕ್ಕಿಂತ ಹೆಚ್ಚಾಗಿ ಹಗಲು ಎಷ್ಟಿದೆ ಅಂತ ಅಳೆಯಲಿಕ್ಕೆ ಇವೆ.

ಹೊಸಬರಿಗೆ ಇನ್ನೊಂದು ಮಾತು. ಮೀಟರನ್ನು ಮೇಜಿನ ಮೇಲೆ ಮಲಗಿಸಿ ಅಳೆಯಬೇಡಿ. ಕಣ್ಣಿನ ಪಕ್ಕದಲ್ಲಿ, ನೋಡುವ ದಿಕ್ಕಿಗೆ ಮುಖ ಮಾಡಿ ಹಿಡಿಯಿರಿ. ಮೇಜಿನ ಮೇಲೆ ಸಾವಿರ ಬಂದ ಕಡೆ ಕಣ್ಣಿಗೆ ಅದರ ಅರ್ಧ ಸಿಗುವುದೂ ಕಷ್ಟ.

ಈಗ ಅಸಲಿ ಕಾಟಕ್ಕೆ ಬರ್ತೀನಿ. ಮೊದಲ ಪ್ಲಾನ್ ಸರಳವಾಗಿತ್ತು: 20 ವ್ಯಾಟಿನ ಬ್ಯಾಟನ್‌ಗಳನ್ನು (ಟ್ಯೂಬ್‌ಲೈಟಿನಂಥ ಎಲ್‌ಇಡಿ ದೀಪ) ಸಾಲಾಗಿ ಹಾಕೋದು. ಮೊದಲು ತಂದ ಎರಡು ಚೆನ್ನಾಗಿದ್ದವು. ಹುಬ್ಬಳ್ಳಿಗೆ ಚಿಗರಿ ಬಸ್ ಹತ್ತಿ ಹೋಗಿ ಅದೇ ಅಂಗಡಿಯಿಂದ, ಅದೇ ಡಬ್ಬಿಯ ಉಳಿದ ಮಾಲು ತಂದೆ. ಎಲ್ಲಾ ಹಚ್ಚಿದ ದಿನ ಮನೆ ಮುಂದೆ ಆಡುತ್ತಿದ್ದ ಹುಡುಗರು ಬಂದು, 'ಒಳಗ ಶೂಟಿಂಗ್ ನಡದೈತೇನ್ರಿ?' ಅಂತ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಹೆಂಡತಿಗೆ ತಲೆನೋವು, ನನಗೆ ಕಣ್ಣುರಿ. ಮೇಲೆ ನೋಡಿದರೆ ಫ್ಯಾನಿನ ರೆಕ್ಕೆಗಳು ತಿರುಗುತ್ತಾ ತಿರುಗುತ್ತಾ ನಿಂತ ಹಾಗೆ ಕಾಣುತ್ತಿದ್ದವು. ಪೆನ್ಸಿಲ್ ಹಿಡಿದು ಜೋರಾಗಿ ಆಡಿಸಿದರೆ ಒಂದರ ಪಕ್ಕ ಒಂದು ಬಿಡಿಬಿಡಿ ಪೆನ್ಸಿಲ್‌ಗಳು. ಅಂದರೆ ದೀಪ ಮಿಣುಕುತ್ತಿದೆ.

ಒಂದು ಬ್ಯಾಟನ್ ಬಿಚ್ಚಿದೆ. ಮೊದಲಿನ ಮಾಲಿನಲ್ಲಿ ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಬೇರೆ ಡ್ರೈವರ್ ಇತ್ತು, ಏರಿಳಿತ ತಗ್ಗಿಸುವ ದಪ್ಪ ಕೆಪಾಸಿಟರ್ ಇತ್ತು. ಹೊಸದರಲ್ಲಿ ಎಲ್‌ಇಡಿ ಬೋರ್ಡ್ ಮೇಲೇ ಎಸಿಯನ್ನು ಡಿಸಿ ಮಾಡುವ ಒಂದು ಬ್ರಿಡ್ಜ್, ಕರೆಂಟಿಗೆ ಮಿತಿ ಹಾಕುವ ಉಗುರಿನಷ್ಟು ಒಂದು ಲೀನಿಯರ್ ಚಿಪ್, ಅಷ್ಟೇ. ಕೆಪಾಸಿಟರ್ ಇಲ್ಲ. ಡಬ್ಬಿ ಮಾತ್ರ ಅದೇ, ಮೇಲೆ 'ಫ್ಲಿಕರ್ ಫ್ರೀ' ಅನ್ನುವುದೂ ಅದೇ! ಅಂಗಡಿಯವರನ್ನು ಕೇಳಿದರೆ 'ಕಂಪನಿಯಿಂದ ಹಂಗೇ ಬರತೈತ್ರಿ' ಅಂದರು. ಒಳಗಿನ ಸಾಮಾನು ಬದಲಿಸಿ ಡಬ್ಬಿ ಹಾಗೇ ಇಡುವುದು ಮೋಸ. ಇದಕ್ಕೆ ಬೇರೆ ಹೆಸರಿಲ್ಲ.

ಫ್ಲಿಕರ್ ಹಿಡಿಯಲು ಆಸಿಲೋಸ್ಕೋಪ್ (ಕರೆಂಟಿನ ಅಲೆ ತೋರಿಸುವ ಉಪಕರಣ) ಬೇಕಿಲ್ಲ. ಗಾರ್ಡನ್ ಲ್ಯಾಂಪಿನ ಸೋಲಾರ್ ಸೆಲ್ ಕಿತ್ತು, ಒಂದು ಸಣ್ಣ ಕೆಪಾಸಿಟರ್ ಮೂಲಕ ಹಳೇ ಸ್ಪೀಕರಿನ ಆಕ್ಸ್ ಇನ್‌ಪುಟ್‌ಗೆ ಕೊಡಿ. ಬೆಳಕಿನ ಏರಿಳಿತ ಸಪ್ಪಳವಾಗಿ ಕೇಳುತ್ತದೆ. ಬಿಸಿಲಿಗೆ ಹಿಡಿದರೆ ನಿಶ್ಶಬ್ದ. ಬ್ಯಾಟರಿ ಟಾರ್ಚಿಗೂ ಸಾಮಾನ್ಯವಾಗಿ ನಿಶ್ಶಬ್ದ. ಈ ಬ್ಯಾಟನ್‌ಗೆ ಹಿಡಿದರೆ ಗುಂಯ್! ಮೇನ್ಸ್, ಅಂದರೆ ಮನೆಗೆ ಬರುವ ಕರೆಂಟ್, 50 ಹರ್ಟ್ಸ್ (ಸೆಕೆಂಡಿಗೆ 50 ಅಲೆ), ಬ್ರಿಡ್ಜ್ ದಾಟಿದರೆ ಏರಿಳಿತ 100. ಪಕ್ಕದ ಮನೆಯಲ್ಲಿ ಸಂಗೀತ ಕಲಿಯುವ ಹುಡುಗಿ ಕೇಳಿ, 'ಬಿಳಿ ಐದರ ಖರ್ಜ ಇದ್ದಂಗೈತಿ' ಅಂದಳು. ಆ ಸ್ವರ, ಅಂದರೆ ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆಯ ಕೆಳ ಸಪ್ತಕದ್ದು, 98 ಹರ್ಟ್ಸ್. ಧಾರವಾಡದ ಕಿವಿ ಅಂದ್ರೆ ಇದು ನೋಡ್ರಿ.

ಎಂಜಿನಿಯರುಗಳ ಸಂಸ್ಥೆ ಐಇಇಇ ಎಲ್‌ಇಡಿ ಫ್ಲಿಕರ್ ಬಗ್ಗೆ ಕೊಟ್ಟ 1789 ಅನ್ನುವ ಶಿಫಾರಸಿನ ಪ್ರಕಾರ 100 ಹರ್ಟ್ಸ್‌ನಲ್ಲಿ ಏರಿಳಿತ ಶೇ. 8ರ ಒಳಗಿದ್ದರೆ ಅಪಾಯ ಕಡಿಮೆ. ಇಲ್ಲಿ ಪ್ರತಿ ಸಲ ಪೂರ್ತಿ ಆರಿ ಮತ್ತೆ ಹತ್ತುತ್ತಿತ್ತು, ಅಂದರೆ ಶೇ. 100.

ಬ್ರಿಡ್ಜ್ ಆದ ಮೇಲೆ 450 ವೋಲ್ಟಿನ 22 ಮೈಕ್ರೋಫ್ಯಾರಡ್ ಹಾಕಿದೆ. ಗುಂಯ್ ತಗ್ಗಿತು. ಬೆಳಕೂ ಜಾಸ್ತಿಯಾಯಿತು. ಖುಷಿಯಿಂದ ಚಹಾ ಕುಡಿದು ಬರುವಷ್ಟರಲ್ಲಿ ದೀಪ ಮಂಕಾಗಿತ್ತು. ಆರಿಸಿ, ತಣಿದ ಮೇಲೆ ಹಚ್ಚಿದರೆ ಮತ್ತೆ ಜೋರು, ಮತ್ತೆ ಮಂಕು. ಇದೇ ನನ್ನನ್ನು ತಿಂದಿದ್ದು. ಕಾರಣ ಹೀಗೆ: ಎಲ್‌ಇಡಿ ಸಾಲಿಗೆ ಬೇಕಿರುವುದು 260 ವೋಲ್ಟ್. ಕೆಪಾಸಿಟರ್ ಬಂದ ಮೇಲೆ ಹತ್ತಿರ ಹತ್ತಿರ 325 ಸದಾ ಇರುತ್ತದೆ. ಮಿಕ್ಕ 65 ವೋಲ್ಟನ್ನು ಆ ಉಗುರಿನಷ್ಟು ಚಿಪ್ಪೇ ನುಂಗಬೇಕು. 100 ಮಿಲಿಆಂಪ್ ಹಿಡಿದರೂ ಆರೂವರೆ ವ್ಯಾಟ್ ಬಿಸಿ. ಪಾಪ, ಅದು ತನ್ನ ಜೀವ ಉಳಿಸಿಕೊಳ್ಳಲು ಕರೆಂಟ್ ಇಳಿಸುತ್ತಿತ್ತು. ಎಲ್‌ಇಡಿ ಸಂಖ್ಯೆ ಹೆಚ್ಚಿಸಿ ವ್ಯತ್ಯಾಸ ಕಡಿಮೆ ಮಾಡಬಹುದು. ಆದರೆ ನಮ್ಮ ಓಣಿಯಲ್ಲಿ ಸಂಜೆ ವೋಲ್ಟೇಜ್ ಇಳಿದರೆ ಫ್ಲಿಕರ್ ವಾಪಸ್. ಇದನ್ನು ಮಾಡಿ ನೋಡುವವರು ದಯವಿಟ್ಟು ಹುಷಾರಾಗಿರಿ. ಈ ಬೋರ್ಡಿಗೆ ಐಸೊಲೇಶನ್ (ಮೇನ್ಸ್‌ನಿಂದ ಬೇರ್ಪಡಿಕೆ) ಇಲ್ಲ, ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ. ಅದನ್ನು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಇಲ್ಲದೆ ಮುಟ್ಟಲೇಬೇಡಿ.

ಕೊನೆಗೆ ಮೇನ್ಸ್ ಬೋರ್ಡ್‌ಗಳ ಸಹವಾಸವೇ ಬಿಟ್ಟೆ. 24 ವೋಲ್ಟಿನ ಒಂದೇ ಎಸ್‌ಎಂಪಿಎಸ್ (ಮೇನ್ಸನ್ನು ಸ್ಥಿರ ಡಿಸಿ ಮಾಡಿ ಕೊಡುವ ಡಬ್ಬಿ), 350 ವ್ಯಾಟಿನದು. ಅದರಿಂದ 5 ಮೀಟರಿನ ಮೂರು ಎಲ್‌ಇಡಿ ಸ್ಟ್ರಿಪ್, ಬೆಳಕಿನ ಬಣ್ಣ 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವ ಅಂಕ, ನೂರಕ್ಕೆ) 90ರ ಮೇಲೆ. ಪ್ರತಿಯೊಂದಕ್ಕೂ ಎರಡೂ ತುದಿಯಿಂದ ಕರೆಂಟ್, ಇಲ್ಲದಿದ್ದರೆ ದೂರದ ತುದಿ ಮಂಕಾಗುತ್ತದೆ. ಡಿಮ್ಮರ್ ಹಾಕಲಿಲ್ಲ. ಬೇಗ ಬೇಗ ಹತ್ತಿಸಿ ಆರಿಸಿ ಬೆಳಕು ತಗ್ಗಿಸುವ ಪಿಡಬ್ಲ್ಯೂಎಂ ಡಿಮ್ಮರ್ ಹಾಕಿದರೆ ಅದೇ ಮಿಣುಕನ್ನು ದುಡ್ಡು ಕೊಟ್ಟು ವಾಪಸ್ ಕರೆದಂತೆ ಅಲ್ವಾ? ಪ್ರತಿ ಸಾಲಿಗೆ ಒಂದು ಸ್ವಿಚ್, ಅಷ್ಟು ಸಾಕು. ಎರಡು ಸ್ಟ್ರಿಪ್ ಮೇಲೆ, ಒಂದು ಮೇಜಿನೆದುರು ಪ್ಯಾನೆಲ್‌ನಲ್ಲಿ. ಕಣ್ಣಿನ ಹತ್ತಿರ 2,500 ಲಕ್ಸ್ ಆಸುಪಾಸು. ಮೊದಮೊದಲ ಪ್ರಯೋಗಗಳಲ್ಲಿ ಇದೇ 2,500 ಲಕ್ಸನ್ನು ತಾಸುಗಟ್ಟಲೆ ಕೊಡುತ್ತಿದ್ದರು. 10,000 ಲಕ್ಸ್, ಅರ್ಧ ತಾಸು ಅನ್ನುವುದು ಆಮೇಲೆ ಬಂತು.

24 ವೋಲ್ಟ್ ಆದ ತಕ್ಷಣ ತಲೆ ಬೇರೆ ಕಡೆ ಓಡಿತು. ಎರಡು ಟ್ಯುಬುಲರ್ ಬ್ಯಾಟರಿ ಸೀರೀಸ್‌ನಲ್ಲಿ, ಇನ್ವರ್ಟರ್ ಬೇಡ, ನೇರ ಡಿಸಿ! ಗದಗಿನಲ್ಲಿ ಅಕ್ಕನ ಮನೆ ತಾರಸಿ ಖಾಲಿ ಇದೆ, ಅಲ್ಲಿ ಇಂಥದೇ ದೀಪಕ್ಕೆ ಸೋಲಾರ್ ಹಾಕಬಹುದು. ತೊಡಕು ಒಂದೇ. ಚಾರ್ಜ್ ಆಗುವಾಗ ಬ್ಯಾಟರಿ 28 ವೋಲ್ಟ್ ದಾಟುತ್ತದೆ. ಸ್ಟ್ರಿಪ್‌ನಲ್ಲಿ ಬರೀ ರೆಸಿಸ್ಟರ್ ಇರೋದರಿಂದ ಕರೆಂಟ್ ಹುಚ್ಚೆದ್ದು ಏರುತ್ತದೆ. ನಡುವೆ ವೋಲ್ಟೇಜನ್ನು 24ಕ್ಕೇ ಹಿಡಿದಿಡುವ ಒಂದು ಬಕ್-ಬೂಸ್ಟ್ ಬೇಕೇ ಬೇಕು. ದೀಪಾವಳಿಗೆ ಹೋದಾಗ ಅಳತೆ ತಗೊಂಡು ಬರ್ತೀನಿ.

ಪರಿಣಾಮ? ಬೆಳಿಗ್ಗೆ ಏಳರಿಂದಲೇ ಮೂರೂ ಸಾಲು ಹಚ್ಚುತ್ತೇನೆ. ಊಟವಾದ ಮೇಲಿನ ತೂಕಡಿಕೆ ಕಡಿಮೆಯಾಗಿದೆ, ಮಳೆ ನೋಡಿದರೆ ಬರುತ್ತಿದ್ದ ಜಡ ಹೋಗಿದೆ, ಅನುವಾದದ ಕೆಲಸ ಸಂಜೆಯೊಳಗೆ ಮುಗಿಯುತ್ತಿದೆ. ರಾತ್ರಿ ನಿದ್ದೆ ಬೇಗ ಬರುತ್ತಿದೆ. ಆದರೆ ಸಂಜೆ ಎಲ್ಲಾ ಆರಿಸಬೇಕು, ಇದು ಬಹಳ ಮುಖ್ಯ. 2022ರಲ್ಲಿ ತಜ್ಞರು ಸೇರಿ ಕೊಟ್ಟ ಸಲಹೆ ಹೀಗಿದೆ: ಹಗಲಲ್ಲಿ ಕಣ್ಣಿಗೆ ಕನಿಷ್ಠ 250 ಮೆಲನಾಪಿಕ್ ಲಕ್ಸ್ (ಮೆಲನಾಪ್ಸಿನ್ ಎಷ್ಟು ಸ್ಪಂದಿಸುತ್ತದೆ ಅನ್ನುವ ಲೆಕ್ಕದ ಲಕ್ಸ್), ಮಲಗುವ ಮೂರು ತಾಸು ಮೊದಲಿಂದ 10ಕ್ಕಿಂತ ಮೇಲೆ ಬೇಡ. ನಮ್ಮ ಮನೆಯಲ್ಲಿ ಆಗ ಮೂಲೆಯ ಹಳದಿ ಬಲ್ಬ್ ಒಂದೇ. ಬೈಪೋಲಾರ್ ಇರುವವರು, ರೆಟಿನಾ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇಂಥದ್ದಕ್ಕೆ ಕೈ ಹಾಕಬೇಡಿ.

ಉಳಿದಿರುವುದು ಎಸ್‌ಎಂಪಿಎಸ್‌ನ ಫ್ಯಾನ್. ಸೈಲೆಂಟ್ ಅಂತ ಹೇಳಿ ಕೊಟ್ಟರು, ಮಿಕ್ಸರ್ ತಿರುಗಿದ ಹಾಗೆ ಕೂಗುತ್ತದೆ. ಸದ್ಯಕ್ಕೆ ಪಡಸಾಲೆಗೆ ಸ್ಥಳಾಂತರಿಸಿ ದಪ್ಪ ವೈರ್ ಎಳೆದಿದ್ದೇನೆ. 9 ಆಂಪ್ ಹರಿಯುವುದರಿಂದ ಆ ಉದ್ದಕ್ಕೆ 4 ಚದರ ಮಿಮೀ ತಗೊಂಡೆ. ಫ್ಯಾನ್ ಇಲ್ಲದ 24 ವೋಲ್ಟ್ 300 ವ್ಯಾಟಿನದು ಹುಬ್ಬಳ್ಳಿಯಲ್ಲಿ ಯಾರಿಗಾದರೂ ಸಿಕ್ಕಿದ್ದರೆ, ಮತ್ತು ಅದನ್ನು ಬಿಚ್ಚಿ ಒಳಗೆ ನೋಡಿದ್ದರೆ, ಅಂಗಡಿ ಯಾವುದು ಹೇಳಿ.