ತ್ರಿಶಂಕು ಟ್ರಾನ್ಸ್‌ಪೋರ್ಟ್: ದರಪಟ್ಟಿ ಮುಗೀತು, ರಸೀದಿ ಅರ್ಧಕ್ಕೆ ಬಂತು

ಹೊಸಬರಿಗೆ ಎರಡು ಮಾತು. ತ್ರಿಶಂಕು ಟ್ರಾನ್ಸ್‌ಪೋರ್ಟ್ ನಾನು ಬಿಡುವಿನಲ್ಲಿ ಕಟ್ಟುತ್ತಿರುವ ಕಾಲ್ಪನಿಕ ಕಂಪನಿ. ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಸಾಗಿಸುವುದು ಅದರ ಕಸುಬು. ಕಥೆ ಬರೆಯುವ ಯೋಚನೆ ಇಲ್ಲ. ಅಂಥ ಕಂಪನಿಯ ಆಫೀಸಿನಲ್ಲಿ ಏನೇನು ಕಾಗದ ಇರಬಹುದೋ ಅವನ್ನಷ್ಟೇ ತಯಾರು ಮಾಡುತ್ತಿದ್ದೇನೆ: ದರಪಟ್ಟಿ, ರೂಟ್ ಚಾರ್ಟ್, ಲಾರಿ ರಸೀದಿ, ಕ್ಲೈಮ್ ಫಾರಂ. ಹಾಕಿಕೊಂಡ ಕಟ್ಟುಪಾಡು ಒಂದೇ. ಬೆಳಕಿಗಿಂತ ಜೋರಾಗಿ ಯಾವುದೂ ಓಡುವಂತಿಲ್ಲ. ಒಂದು ವರ್ಮ್‌ಹೋಲ್ (ದೂರದ ಎರಡು ಜಾಗಗಳನ್ನು ಜೋಡಿಸುವ ಕಾಲ್ಪನಿಕ ಅಡ್ಡದಾರಿ) ಒಳಗೆ ಬಿಟ್ಟರೆ ಸಾಕು, ಇದು ಸುಮ್ನೆ ಇನ್ನೊಂದು ಪಾರ್ಸೆಲ್ ಸರ್ವಿಸ್ ಆಗಿಬಿಡುತ್ತದೆ.

ರೂಟ್‌ಗಳು ಮೂರು. ಆಲ್ಫಾ ಸೆಂಟಾರಿ 4.37 ಜ್ಯೋತಿರ್ವರ್ಷ, ಬರ್ನಾರ್ಡ್ ನಕ್ಷತ್ರ ಸುಮಾರು 6, ಟೌ ಸೀಟಿ 11.9. ಮೊದಲನೆಯದು ತ್ರಿಶಂಕು ನಕ್ಷತ್ರಪುಂಜದ ಪಕ್ಕದಲ್ಲೇ ಇದೆ. ಮೇ ತಿಂಗಳ ರಾತ್ರಿ ನಮ್ಮ ಕಡೆಯಿಂದಲೂ ದಕ್ಷಿಣದ ಅಂಚಿನಲ್ಲಿ ಕಾಣುತ್ತದೆ. ಕಂಪನಿಯ ಹೆಸರು ಅಲ್ಲಿಂದ ಬಂತು.

ವೇಗ

ಬೆಳಕಿನ ವೇಗದ 10% ಎಂದು ಇಟ್ಟುಕೊಂಡಿದ್ದೇನೆ. 1977ರಲ್ಲಿ ಹೊರಟ ನಾಸಾದ ನೌಕೆ ವಾಯೇಜರ್ 1 ಈಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಆಲ್ಫಾ ಸೆಂಟಾರಿಯಷ್ಟು ದೂರ ಹೋಗಲು 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಯಾವ ಗಿರಾಕಿಯೂ ಕಾಯಲ್ಲ. 10% ಆದರೆ 43.7 ವರ್ಷ. ವೇಗ ಹಿಡಿಯುವ, ಇಳಿಸುವ ಹೊತ್ತನ್ನು ಸದ್ಯಕ್ಕೆ ಲೆಕ್ಕಕ್ಕೆ ತಂದಿಲ್ಲ.

ನೌಕೆಗೆ ಮಾದರಿ ಡಿಡಾಲಸ್. ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು 1973ರಿಂದ 1978ರವರೆಗೆ ಕೂತು ಕಾಗದದ ಮೇಲೆ ಮಾಡಿದ ವಿನ್ಯಾಸ ಅದು. ಒಟ್ಟು ತೂಕ 54,000 ಟನ್, ಅದರಲ್ಲಿ 50,000 ಟನ್ ಬರೀ ಇಂಧನ. ವೇಗ ಬೆಳಕಿನ 12%. ಆದರೆ ಬ್ರೇಕ್ ಇಲ್ಲ! ಬರ್ನಾರ್ಡ್ ನಕ್ಷತ್ರದ ಪಕ್ಕದಿಂದ ಹಾದು, ನೋಡಿಕೊಂಡು, ಮುಂದೆ ಹೋಗಿಬಿಡುವುದು ಅದರ ಕೆಲಸ. ವಿಜ್ಞಾನಿಗಳಿಗೆ ಅಷ್ಟು ಸಾಕು. ಲೋಡ್ ಇಳಿಸಬೇಕಾದ ಕಂಪನಿಗೆ ಸಾಲದು. ಹಾಗಾಗಿ ಚಿತ್ರದಲ್ಲಿ ಮುಂಭಾಗಕ್ಕೆ ಕಾಂತೀಯ ಹಾಯಿ ಜೋಡಿಸಿದ್ದೇನೆ. ನಕ್ಷತ್ರಗಳ ನಡುವಿನ ತೆಳು ಅನಿಲಕ್ಕೆ ತಡೆಯೊಡ್ಡಿ ವೇಗ ಕಳೆದುಕೊಳ್ಳುವ ಉಪಾಯ ಅದು. ಚಿತ್ರ ಇನ್ನೂ ಒರಟಾಗಿದೆ, ಬಿಡಿ. ನೌಕೆಯ ಚಿತ್ರ ಬಿಡಿಸುವವರು ಬೇಕಾದಷ್ಟು ಜನ ಇದ್ದಾರೆ.

ದರಪಟ್ಟಿ

ಇದು ಈ ಸಲ ಪೂರ್ತಿಯಾಯಿತು. ಒಂದು ಕಿಲೋ ಸಾಮಾನನ್ನು ಬೆಳಕಿನ ವೇಗದ 10%ಗೆ ತರಲು ಬೇಕಾಗುವ ಶಕ್ತಿ ಸುಮಾರು 12.5 ಕೋಟಿ ಯೂನಿಟ್ ಕರೆಂಟಿಗೆ ಸಮ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅದರ ಹತ್ತೂ ಟರ್ಬೈನ್ ಹಗಲೂ ರಾತ್ರಿ ಪೂರ್ತಿ ಓಡಿದರೂ ಐದು ದಿನದ ಕೆಲಸ. ಒಂದು ಕಿಲೋಗೆ! ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಬಾಡಿಗೆ ಕಿಲೋಗೆ 87.5 ಕೋಟಿ. ಎಂಜಿನ್ನಿನಲ್ಲಿ ಪೋಲಾಗುವುದು, ನೌಕೆಯ ಸ್ವಂತ ತೂಕ, ಲಾಭ ಯಾವುದೂ ಇದರಲ್ಲಿ ಸೇರಿಲ್ಲ.

ಲಾರಿ ಆಫೀಸುಗಳಲ್ಲಿ ಇರುವ ಹಾಗೆ ಇಲ್ಲೂ ಎರಡು ದರ ಇಟ್ಟೆ. ‘ಪೇಯ್ಡ್’ ಅಂದರೆ ಕಳಿಸುವವನೇ ಮುಂಗಡ ಕಟ್ಟುವುದು, 87.5 ಕೋಟಿ. ‘ಟು ಪೇ’ ಅಂದರೆ ಮಾಲು ಬಿಡಿಸಿಕೊಳ್ಳುವವನು ಕಟ್ಟುವುದು. ಅಷ್ಟು ವರ್ಷ ಕಂಪನಿಯ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ, ಅಲ್ವಾ? ವರ್ಷಕ್ಕೆ 3% ಚಕ್ರಬಡ್ಡಿ ಹಾಕಿದರೂ ಆಲ್ಫಾ ಸೆಂಟಾರಿಯಲ್ಲಿ ಅದು 318 ಕೋಟಿ ಆಗುತ್ತದೆ. ಟೌ ಸೀಟಿಗೆ 119 ವರ್ಷ. ಅಲ್ಲಿ 100 ರೂಪಾಯಿಗೆ 3,300 ಮೀರುತ್ತದೆ. ‘ಟು ಪೇ’ ಕಾಲಂನಲ್ಲಿ ಟೌ ಸೀಟಿಯ ಮುಂದೆ ಗೀಟು ಹಾಕಿ ‘ಸ್ವೀಕರಿಸುವುದಿಲ್ಲ’ ಎಂದು ಬರೆದಿದ್ದೇನೆ.

ಬಡ್ಡಿಯನ್ನು ಯಾರ ಗಡಿಯಾರದ ಪ್ರಕಾರ ಹಾಕಬೇಕು? ಓಡುವ ನೌಕೆಯಲ್ಲಿ ಕಾಲ ಸ್ವಲ್ಪ ನಿಧಾನ. ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ 1978ರಲ್ಲೇ ಒಂದು ತಮಾಷೆಯ, ಆದರೆ ಲೆಕ್ಕ ಪಕ್ಕಾ ಇರುವ ಪ್ರಬಂಧ ಬರೆದಿಟ್ಟಿದ್ದಾರೆ. 2008ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರೇ ಇವರು. ಅವರ ತೀರ್ಮಾನ: ಬಡ್ಡಿ ಗ್ರಹದ ಗಡಿಯಾರದ್ದೇ. ದುಡ್ಡು ನೆಲದ ಮೇಲೆ ಇದ್ದಿದ್ದರೆ ಅಷ್ಟು ಕಾಲ ದುಡಿಯುತ್ತಿತ್ತು. ಅದು ನೌಕೆ ಹತ್ತಿದೆ ಅಂತ ರಿಯಾಯಿತಿ ಸಿಗಲ್ಲ.

ಹಾಗಂತ ನೌಕೆಯ ಗಡಿಯಾರವನ್ನು ಬಿಡುವ ಹಾಗೂ ಇಲ್ಲ. ಬಿತ್ತನೆ ಬೀಜ, ಔಷಧಿ ಹಳೆಯದಾಗುವುದು ಅದರ ಪ್ರಕಾರ. 10% ವೇಗದಲ್ಲಿ ಎರಡರ ನಡುವೆ ಇಡೀ ಪ್ರಯಾಣಕ್ಕೆ ಸುಮಾರು 80 ದಿನದ ವ್ಯತ್ಯಾಸ. 43 ವರ್ಷಕ್ಕೆ 80 ದಿನ ಏನು ಮಹಾ ಅನ್ನಿಸಬಹುದು. ಎಕ್ಸ್‌ಪೈರಿ ಡೇಟ್ ಆ 80 ದಿನದೊಳಗೆ ಬಿದ್ದರೆ ಜಗಳ ಖಚಿತ. ರಸೀದಿಯಲ್ಲಿ ಎರಡು ತಾರೀಕಿಗೂ ಬೇರೆ ಬೇರೆ ಚೌಕ ಕೊಟ್ಟಿದ್ದೇನೆ.

ಏನನ್ನು ಸಾಗಿಸುವುದು?

ಕಿಲೋಗೆ 87.5 ಕೋಟಿ ಬಾಡಿಗೆ ಕೊಟ್ಟು ಕಬ್ಬಿಣ ತರಿಸುವ ಪೆದ್ದ ಇರಲ್ಲ. ವಿನ್ಯಾಸ, ಪುಸ್ತಕ, ಸಂಗೀತ, ಜೀನ್‌ಗಳ ಮಾಹಿತಿ ಎಲ್ಲ ರೇಡಿಯೋದಲ್ಲಿ 4.37 ವರ್ಷಕ್ಕೇ ತಲುಪುತ್ತದೆ. ಉಳಿಯುವುದು ನಕಲು ಮಾಡಿದರೆ ಬೆಲೆ ಕಳೆದುಕೊಳ್ಳುವ ವಸ್ತು ಮಾತ್ರ. ಮೂಲ ತಾಳೆಗರಿ, ಹಳೆಯ ವೀಣೆ, ಯಾರದೋ ಅಜ್ಜಿಯ ಕಾಸಿನ ಸರ. ಹಳೆಯದಾದಷ್ಟೂ ಇವುಗಳ ಬೆಲೆ ಏರುತ್ತದೆ, ಬಡ್ಡಿಯ ಜೊತೆ ಓಡಬಲ್ಲ ಸರಕು ಇದೊಂದೇ. ತ್ರಿಶಂಕು ಈಗ ಭಾರೀ ಸರಕಿನ ಕಂಪನಿಯಲ್ಲ, ಗ್ರಾಂ ಲೆಕ್ಕದಲ್ಲಿ ಬುಕಿಂಗ್ ತೆಗೆದುಕೊಳ್ಳುವ ಕಂಪನಿ. ದೈತ್ಯ ಕಂಟೇನರ್ ನೌಕೆಗಳನ್ನು ಬಯಸಿದ್ದವರು ಕ್ಷಮಿಸಿ.

ರಸೀದಿ

ನನಗೆ ಜಾಸ್ತಿ ಖುಷಿ ಕೊಡುತ್ತಿರುವುದು ಇದು. ನಮ್ಮ ಲಾರಿ ರಸೀದಿಯ ನಮೂನೆಯನ್ನೇ ಇಟ್ಟುಕೊಂಡಿದ್ದೇನೆ: ಮೇಲೆ ಎಲ್‌ಆರ್ ನಂಬರ್, ಎಡಕ್ಕೆ ಕನ್ಸೈನರ್ (ಕಳಿಸುವವನು), ಬಲಕ್ಕೆ ಕನ್ಸೈನಿ (ಪಡೆಯುವವನು), ಕೆಳಗೆ ನಗಗಳ ಸಂಖ್ಯೆ, ತೂಕ, ಮಾಲಿನ ವಿವರ. ಮೂಲೆಯಲ್ಲಿ ಓರೆಯಾಗಿ ‘ಓನರ್ಸ್ ರಿಸ್ಕ್’, ಅಂದರೆ ನಷ್ಟವಾದರೆ ಮಾಲಿನ ಒಡೆಯನದೇ ಹೊಣೆ, ಎಂಬ ಕೆಂಪು ಮುದ್ರೆ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗುವ ಕಾಗದದಲ್ಲಿ ಇವೆಲ್ಲ ಸರಾಗ. 43 ವರ್ಷಕ್ಕೆ ಎಳೆದರೆ ಪ್ರತಿ ಚೌಕವೂ ತಕರಾರು ತೆಗೆಯುತ್ತದೆ.

ಕನ್ಸೈನಿಯನ್ನೇ ನೋಡಿ. ಬುಕ್ ಮಾಡುವಾಗ ಇದ್ದ ಮನುಷ್ಯ ತಲುಪುವಾಗ ಇರುತ್ತಾನೆ ಅನ್ನುವ ಖಾತ್ರಿ ಇಲ್ಲ. ಅಲ್ಲಿ ವ್ಯಕ್ತಿಯ ಹೆಸರು ಬರೆಯಬಾರದು, ಹುದ್ದೆ ಅಥವಾ ಸಂಸ್ಥೆಯ ಹೆಸರು ಬರೆಯಬೇಕು, ಅದೂ ಇಲ್ಲವಾದರೆ ರಸೀದಿ ಹಿಡಿದು ಬಂದವನಿಗೆ ಮಾಲು. ಪಿಓಡಿ, ಅಂದರೆ ಮಾಲು ಮುಟ್ಟಿದ್ದಕ್ಕೆ ಪುರಾವೆ, ಇನ್ನೂ ಚೆಂದ. ಮಾಲು ಮುಟ್ಟಿತು ಎಂಬ ಸಹಿಯ ಸುದ್ದಿ ರೇಡಿಯೋದಲ್ಲಿ ವಾಪಸ್ ಬರುವ ಹೊತ್ತಿಗೆ ಬುಕಿಂಗ್ ಆಗಿ 48 ವರ್ಷ.

ನಮ್ಮ 2007ರ ರಸ್ತೆ ಸರಕು ಸಾಗಣೆ ಕಾಯ್ದೆಯಲ್ಲಿ, ಮಾಲು ಹಾಳಾದರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು, ಇಲ್ಲದಿದ್ದರೆ ದಾವೆ ಹೂಡುವಂತಿಲ್ಲ. ಅದನ್ನು ಹಾಗೇ ಎತ್ತಿ ತ್ರಿಶಂಕುವಿನ ಷರತ್ತುಗಳಲ್ಲಿ ಹಾಕಿ ನೋಡಿದೆ. 180 ದಿನಕ್ಕೆ ನೌಕೆ ದಾರಿಯ ನೂರರಲ್ಲಿ ಒಂದು ಪಾಲು ಮಾತ್ರ ದಾಟಿರುತ್ತದೆ. ಕ್ಲೈಮ್ ಅನ್ನುವುದೇ ಹುಟ್ಟಲ್ಲ. ಕಂಪನಿಯ ಮಾಲೀಕ ಇದನ್ನು ಬದಲಿಸಲು ಒಪ್ಪುವುದಿಲ್ಲ ಎಂದು ನನ್ನ ಊಹೆ, ಹಾಗಾಗಿ ಷರತ್ತು 7 ಆಗಿ ಉಳಿಸಿಕೊಂಡೆ.

ಬಾಕಿ ಇರುವುದು ಷರತ್ತು 8, ಮಾಲು ಎಸೆಯುವ ವಿಚಾರ. ಸಮುದ್ರದಲ್ಲಿ ಹಡಗು ಉಳಿಸಲು ಕೆಲವರ ಸರಕು ಎಸೆದರೆ, ಆ ನಷ್ಟವನ್ನು ಉಳಿದ ಸರಕಿನವರೂ ಹಡಗಿನವರೂ ಹಂಚಿಕೊಳ್ಳುವ ಪದ್ಧತಿ ಬಹಳ ಹಳೆಯದು, ಜನರಲ್ ಆವರೇಜ್ ಅನ್ನುತ್ತಾರೆ. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಹಡಗು ಸಿಕ್ಕಿಕೊಂಡಾಗಲೂ ಬಿಡಿಸಿದ ಖರ್ಚನ್ನು ಹೀಗೇ ಹಂಚಲು ಘೋಷಿಸಿದ್ದರು. ಆದರೆ ಸಮುದ್ರದಲ್ಲಿ ಎಸೆದದ್ದು ಮುಳುಗುತ್ತದೆ. ಇಲ್ಲಿ ಎಸೆದ ಪೆಟ್ಟಿಗೆ ಅದೇ ವೇಗದಲ್ಲಿ ಪಕ್ಕದಲ್ಲೇ ಬರುತ್ತದೆ. ನೌಕೆ ಬ್ರೇಕ್ ಹಾಕುತ್ತದೆ, ಪೆಟ್ಟಿಗೆ ಹಾಕಲ್ಲ. ಒಂದು ಕಿಲೋ ಪೆಟ್ಟಿಗೆ ಗ್ರಹಕ್ಕೆ ಬಡಿದರೆ ಹಿರೋಶಿಮಾ ಬಾಂಬಿನ ಏಳು ಪಟ್ಟು ಶಕ್ತಿ. ಬಾಹ್ಯಾಕಾಶದಿಂದ ಬಿದ್ದ ವಸ್ತು ನೆಲದ ಮೇಲೆ ಹಾನಿ ಮಾಡಿದರೆ ಹೊಣೆ ಯಾರದು ಎಂಬುದಕ್ಕೆ 1972ರ ಅಂತರರಾಷ್ಟ್ರೀಯ ಒಪ್ಪಂದ ಇದೆ. ಉಡಾಯಿಸಿದ ದೇಶದ್ದೇ ಹೊಣೆ, ತಪ್ಪು ಯಾರದು ಅಂತ ಕೇಳುವಂತಿಲ್ಲ. 1978ರಲ್ಲಿ ಸೋವಿಯತ್ ಉಪಗ್ರಹ ಕಾಸ್ಮಾಸ್ 954 ಕೆನಡಾದ ಮೇಲೆ ಬಿದ್ದಾಗ, ಕೊನೆಗೆ 30 ಲಕ್ಷ ಕೆನಡಿಯನ್ ಡಾಲರ್‌ಗೆ ರಾಜಿ ಆಯಿತು. ಇದನ್ನೂ ಜನರಲ್ ಆವರೇಜನ್ನೂ ಒಂದೇ ಷರತ್ತಿನಲ್ಲಿ ಹೊಲಿಯುವುದು ಹೇಗೆ ಅಂತ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಒಂದು ಸಹಾಯ ಬೇಕಿತ್ತು. ಕನ್ನಡದಲ್ಲೇ ಅಚ್ಚಾದ ಹಳೆಯ ಲಾರಿ ರಸೀದಿ ಯಾರ ಮನೆಯಲ್ಲಾದರೂ ಇದ್ದರೆ ಹಿಂಬದಿಯ ಫೋಟೋ ಕಳಿಸಿ, ಹೆಸರು ವಿಳಾಸ ಮುಚ್ಚಿ. ಅಲ್ಲಿನ ಸಣ್ಣಕ್ಷರದ ಷರತ್ತುಗಳ ಧಾಟಿ ನನಗೆ ಬೇಕು.