ನಿಮ್ಮೂರಿಗೆ ಬಂದ ಮುಖ್ಯಮಂತ್ರಿಗೆ ಕುರ್ಚಿ ಹೋಗುತ್ತಂತೆ, ನಿಜವಾ?

ಇಲ್ಲ. ನಿಜ ಅಲ್ಲ.

ಇಷ್ಟು ಹೇಳಿದರೆ ಯಾರೂ ಸುಮ್ಮನಾಗುವುದಿಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನಾನು ಚಾಮರಾಜನಗರದವಳು. ಬೆಂಗಳೂರಿನಲ್ಲಿ ಊರ ಹೆಸರು ಹೇಳಿದ ತಕ್ಷಣ ಎದುರಿನವರ ಮುಖದಲ್ಲಿ ಒಂದು ನಗು ಮೂಡುತ್ತದೆ. ಮುಂದಿನ ಮಾತು ಏನು ಅಂತ ನನಗೆ ಆಗಲೇ ಗೊತ್ತಾಗಿರುತ್ತದೆ. ಬಾಡಿಗೆ ಮನೆ ನೋಡಲು ಹೋದಾಗ ಮನೆ ಓನರ್ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಕೊಂಡೇ ಕೇಳಿದ್ದಾರೆ, ಉತ್ತರ ಕೊಡಲು ಆಗದ ಹೊತ್ತಲ್ಲಿ. "ಅಲ್ಲಿ ಏನೋ ಶಾಪ ಇದೆಯಂತಲ್ಲ? ಯಾರು ಕೊಟ್ಟಿದ್ದು?" ಅಂತ ವಿವರ ಕೇಳುವವರೂ ಇದ್ದಾರೆ.

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮುಖ್ಯಮಂತ್ರಿಯಾಗಿ ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟವರು ಅಧಿಕಾರ ಕಳೆದುಕೊಳ್ಳುತ್ತಾರೆ ಅನ್ನುವುದು ಆ ನಂಬಿಕೆ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಅಂತ ಒಂದೊಂದೇ ಹೆಸರು ಎಣಿಸುತ್ತಾರೆ. ಬಂದರು, ಕುರ್ಚಿ ಹೋಯಿತು ಅನ್ನುತ್ತಾರೆ. ಈ ಭಯ ಎಷ್ಟು ಬೇರೂರಿತು ಅಂದರೆ, 1990ರಿಂದ 2007ರವರೆಗೆ ಒಬ್ಬ ಮುಖ್ಯಮಂತ್ರಿಯೂ ನಮ್ಮೂರ ಕಡೆ ತಲೆ ಹಾಕಲಿಲ್ಲ.

ಆ ಐವರ ಕುರ್ಚಿ ಯಾಕೆ ಹೋಯಿತು ಅನ್ನುವುದೇನು ಗುಟ್ಟಲ್ಲ. ಅರಸು ಇಂದಿರಾ ಗಾಂಧಿಯವರ ಜೊತೆ ಮುರಿದುಕೊಂಡರು, ಜೊತೆಗಿದ್ದ ಶಾಸಕರು ಕೈಬಿಟ್ಟರು, 1980ರಲ್ಲಿ ಇಳಿದರು. ಗುಂಡೂರಾವ್ ರೈತರ ಸಿಟ್ಟು ಕಟ್ಟಿಕೊಂಡು 1983ರ ಚುನಾವಣೆಯಲ್ಲಿ ಸೋತರು. ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟಿದ್ದು ಫೋನ್ ಕದ್ದಾಲಿಕೆ ಪ್ರಕರಣಕ್ಕೆ. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ಸದನದಲ್ಲಿ ಬಹುಮತ ತೋರಿಸಲು ಬಿಡದೆ ವಜಾ ಮಾಡಿದರು. ಅದು ತಪ್ಪು ಅಂತ 1994ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು, ಇವತ್ತಿಗೂ ಕಾನೂನು ಓದುವ ಮಕ್ಕಳು ಆ ತೀರ್ಪು ಓದುತ್ತಾರೆ. ವೀರೇಂದ್ರ ಪಾಟೀಲರು ಕಾಯಿಲೆ ಬಿದ್ದಿದ್ದಾಗ, 1990ರಲ್ಲಿ, ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾವಣೆ ಪ್ರಕಟಿಸಿ ಹೊರಟುಹೋದರು. ಇದರಲ್ಲಿ ನಮ್ಮೂರಿನ ಪಾತ್ರ ಎಲ್ಲಿದೆ, ತೋರಿಸಿ.

2007ರಲ್ಲಿ ಕುಮಾರಸ್ವಾಮಿ ಧೈರ್ಯ ಮಾಡಿ ಬಂದರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಇಳಿದರು. ನೋಡಿದ್ಯಾ ಅಂದರು ಜನ. 20 ತಿಂಗಳಾದ ಮೇಲೆ ಬಿಜೆಪಿಗೆ ಅಧಿಕಾರ ಬಿಟ್ಟುಕೊಡುವ ಮಾತಾಗಿತ್ತು, ಆ ಮಾತು ಮುರಿದುಬಿತ್ತು, ಅಷ್ಟೇ. ಜಗದೀಶ ಶೆಟ್ಟರ್ 2013ರಲ್ಲಿ ಬಂದು ಹೋದರು, ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಅನ್ನುವ ಪಕ್ಷ ಕಟ್ಟಿ ವೋಟು ಒಡೆದಿದ್ದು ರಾಜ್ಯಕ್ಕೇ ಗೊತ್ತು.

ಇನ್ನು ನಮ್ಮೂರಿಗೆ ಬಾರದೇ ಜಾಗ್ರತೆಯಾಗಿದ್ದವರ ಕಥೆ? ಬಂಗಾರಪ್ಪ 1992ರಲ್ಲಿ ಇಳಿದರು. ಎಸ್.ಎಂ. ಕೃಷ್ಣ 2004ರಲ್ಲಿ ಅಧಿಕಾರ ಕಳೆದುಕೊಂಡರು. ಧರ್ಮಸಿಂಗ್ 2006ರಲ್ಲಿ. ಇವರನ್ನು ಯಾವ ಊರು ಇಳಿಸಿತು? ಸಿದ್ದರಾಮಯ್ಯ 2013ರಿಂದ 2018ರವರೆಗೆ ಮತ್ತೆ ಮತ್ತೆ ಬಂದರು, ಪೂರ್ತಿ ಐದು ವರ್ಷ ಮುಗಿಸಿದರು. ಇಲ್ಲಿಗೆ ಮಾತು ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವರಾದ ಮೇಲೂ ನನ್ನನ್ನು ಅದೇ ಪ್ರಶ್ನೆ ಕೇಳುತ್ತಿದ್ದಾರೆ.

ನನಗೆ ಜಾಸ್ತಿ ಸಿಟ್ಟು ಬರುವುದು ಒಂದು ಮಾತಿಗೆ. "ನಿಮ್ಮ ಕಡೆಯವರಿಗೆ ಮೂಢನಂಬಿಕೆ ಜಾಸ್ತಿ ಅಲ್ವಾ?" ಸ್ವಾಮಿ, ಈ ನಂಬಿಕೆ ನಮ್ಮದಲ್ಲ. ಮುಖ್ಯಮಂತ್ರಿ ಬರಬಾರದು ಅಂತ ನಮ್ಮೂರಿನ ಯಾವ ದೇವರೂ ಹೇಳಿಲ್ಲ, ಯಾವ ಪೂಜಾರಿಯೂ ಹೇಳಿಲ್ಲ. ಇದು ವಿಧಾನಸೌಧದ ಸುತ್ತ ಹುಟ್ಟಿ ಬೆಳೆದ ಭಯ. ಅದರ ಹೆಸರು ಮಾತ್ರ ನಮಗೆ ಬಂತು.

ನಮ್ಮೂರು ಎಂಥದ್ದು ಅಂತ ಗೊತ್ತಾಗಬೇಕಾದರೆ ಆಷಾಢದಲ್ಲಿ ಬನ್ನಿ. ಬೇರೆ ಊರುಗಳಲ್ಲಿ ಆಷಾಢ ಅಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಹೆಂಡತಿ ತವರಿಗೆ. ನಮ್ಮ ಚಾಮರಾಜೇಶ್ವರನ ತೇರು ಎಳೆಯುವುದೇ ಆ ತಿಂಗಳಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ ಕಟ್ಟಿಸಿದ ದೇವಸ್ಥಾನ ಅದು. ಆಷಾಢಕ್ಕೆ ದೂರವಾದ ಹೊಸ ಜೋಡಿಗಳು ಆ ದಿನ ಒಬ್ಬರನ್ನೊಬ್ಬರು ನೋಡಲು ಬರುತ್ತವೆ. ತೇರಿನ ಮುಂದೆ ಜೊತೆಗೆ ನಿಂತು ಹಣ್ಣು ಜವನ ಎಸೆಯುತ್ತವೆ. ಹುಡುಗಿಯ ಕೈಯ ಹಸಿರು ಬಳೆ ಇನ್ನೂ ಹೊಸದು, ಹುಡುಗ ಬಿಗಿ ಷರ್ಟಿನಲ್ಲಿ ಬೆವೆತು ಹೋಗಿರುತ್ತಾನೆ, ಅತ್ತೆ ಮಾವ ಎರಡು ಮಾರು ಹಿಂದೆ ಬೇಕಂತಲೇ ಬೇರೆ ಕಡೆ ನೋಡುತ್ತಾ ನಿಂತಿರುತ್ತಾರೆ. 2017ರಲ್ಲಿ ಒಬ್ಬ ಆ ತೇರಿಗೆ ಬೆಂಕಿ ಇಟ್ಟ. ಹೊಸ ತೇರು ಸಿದ್ಧವಾಗಿ ಮತ್ತೆ ಎಳೆದಿದ್ದು 2022ರಲ್ಲಿ. ತೇರಿಲ್ಲದ ಅಷ್ಟೂ ವರ್ಷ ನಮ್ಮೂರಿನವರು ಕೆಟ್ಟ ಶಕುನ ಅಂತ ಊರು ಬಿಟ್ಟು ಓಡಲಿಲ್ಲ. ತೇರು ಮಾಡಿಕೊಡಿ ಅಂತ ಸರ್ಕಾರವನ್ನು ಕೇಳಿದರು.

ಮಾದಪ್ಪನ ವಿಷಯ ಹೇಳದಿದ್ದರೆ ನಮ್ಮ ಸೀಮೆಯ ಭಕ್ತಿ ಅರ್ಥವಾಗುವುದಿಲ್ಲ. ಮಲೆ ಮಹದೇಶ್ವರನ ಕಾವ್ಯವನ್ನು ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಸಂಕಮ್ಮನ ಸಾಲು ಅಂತ ಒಂದು ಭಾಗ ಇದೆ. ಸೋಲಿಗರ ಹೆಣ್ಣುಮಗಳು ಸಂಕಮ್ಮ. ಗಂಡ ನೀಲೇಗೌಡ ಅನುಮಾನದವನು. ಅವಳಿಗೆ ಚಿತ್ರಹಿಂಸೆ ಕೊಟ್ಟು ಕಾಡಿಗೆ ಹೋಗುತ್ತಾನೆ. ಆ ಗುಡಿಸಲ ಹತ್ತಿರ ಒಂದು ನರಪಿಳ್ಳೆಯೂ ಸುಳಿಯದ ಹೊತ್ತಿನಲ್ಲಿ ಮಾದಪ್ಪ ತಾನೇ ನಡೆದು ಹೋಗುತ್ತಾನೆ, ಅವಳ ಕಷ್ಟ ಬಿಡಿಸುತ್ತಾನೆ, ಮಕ್ಕಳ ಭಾಗ್ಯ ಕೊಡುತ್ತಾನೆ. ಅದೇ ಮಾದಪ್ಪ, ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣನೆಂಬ ದೊರೆಯನ್ನು ಮುಗಿಸಿದವನು. ಚಿಕ್ಕಂದಿನಿಂದ ನಾವು ಕೇಳಿ ಬೆಳೆದ ದೇವರು ಇಂಥವನು. ನೊಂದವರ ಮನೆ ಬಾಗಿಲಿಗೆ ಬರುವವನು.

ನಮ್ಮನ್ನು ಆಳಿದವರು ಮಾದಪ್ಪನ ಬೆಟ್ಟಕ್ಕೆ ಬಂದರು, ಬರಲಿಲ್ಲ ಅಂತ ನಾನು ಹೇಳುವುದಿಲ್ಲ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆ ಆಯಿತು. ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಯನ್ನು ಉದ್ಘಾಟಿಸಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ. ಜಿಲ್ಲಾ ಕೇಂದ್ರಕ್ಕೆ ಬರದೆ ಜಿಲ್ಲೆ ಉದ್ಘಾಟನೆ! ಆಮೇಲೂ ಹಾಗೇ. ದರ್ಶನ, ಪೂಜೆ, ಪ್ರಸಾದಕ್ಕೆ ಬೆಟ್ಟ ಬೇಕು. ಆಸ್ಪತ್ರೆ, ಕಚೇರಿ, ಕಾಲೇಜು, ಅರ್ಜಿ ಹಿಡಿದ ಜನ ಇರುವ ಪಟ್ಟಣ ಬೇಡ. ಬೆಟ್ಟದ ಮೇಲೆ ಕುರ್ಚಿ ಉಳಿಸಪ್ಪಾ ಅಂತ ಕೈಮುಗಿದು, ಕೆಳಗಿನ ಊರನ್ನು ಕಂಡರೆ ಹೆದರುವುದನ್ನು ನಾನು ಭಕ್ತಿ ಅಂತ ಒಪ್ಪುವುದಿಲ್ಲ.

ಒಂದು ಸಲ ಮೈಸೂರಿನಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಯಜಮಾನರೊಬ್ಬರು ಎದುರಿಗೆ ಕೂತಿದ್ದರು. ಊರು ಕೇಳಿದರು, ಹೇಳಿದೆ. "ಓಹೋ, ಹಾಗಾದ್ರೆ ನಿಮ್ಮೂರ ಬೀಗರನ್ನ ಮನೆಗೆ ಸೇರಿಸಿಕೊಂಡ್ರೆ ನಮಗೂ ಏನಾದ್ರೂ ಆದೀತು" ಅಂತ ನಕ್ಕರು. ಸುತ್ತ ಕೂತಿದ್ದವರೂ ನಕ್ಕರು. ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದಲ್ಲಿ ನಮ್ಮ ದೊಡ್ಡಮ್ಮ ಕೂತಿದ್ದರು. ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿ, ತಲೆ ಎತ್ತಿ ಕೇಳಿದರು: "ಬಂದೋರ್ದು ಕುರ್ಚಿ ಹೋಯ್ತು ಅಂತ ಲೆಕ್ಕ ಮಡಗಿದ್ದರಿ. ಬರ್ದೆ ಇದ್ದದ್ಕ ನಮ್ದು ಏನೇನ್ ಹೋಯ್ತು ಅಂತ ಯಾರಾರೂ ಲೆಕ್ಕ ಮಡಗಿದ್ದರಾ ಸ್ವಾಮಿ?"

ಯಜಮಾನರು ಪಾಯಸಕ್ಕೆ ಕೈ ಹಾಕಿದರು. ಉತ್ತರ ಬರಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದೇ. ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.

ಮುಖ್ಯಮಂತ್ರಿ ಜಿಲ್ಲಾ ಕೇಂದ್ರಕ್ಕೆ ಬರುತ್ತಾರೆ ಅಂದರೆ ರಸ್ತೆ ಗುಂಡಿ ಮುಚ್ಚುವುದು, ಸುಣ್ಣ ಹೊಡೆಯುವುದು ಎಲ್ಲರಿಗೂ ಕಾಣುತ್ತದೆ. ಕಾಣದೇ ಇರುವುದು ಇನ್ನೂ ಮುಖ್ಯ. ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ. ಒಂದೊಂದು ಇಲಾಖೆಯ ಅಧಿಕಾರಿಯೂ ಎಷ್ಟು ಹುದ್ದೆ ಖಾಲಿ ಇದೆ, ಎಷ್ಟು ದುಡ್ಡು ಬಂತು, ಎಷ್ಟು ಖರ್ಚಾಗದೆ ವಾಪಸ್ ಹೋಯಿತು ಅಂತ ಫೈಲು ಹಿಡಿದು ನಿಲ್ಲಬೇಕು. ಬೆಂಗಳೂರಿನಲ್ಲಿ ನಿಂತುಹೋದ ಕಡತ ಆ ವಾರದಲ್ಲಿ ಹೇಗೋ ಕಾಲು ಬಂದು ನಡೆಯುತ್ತದೆ. ವೇದಿಕೆ ಮೇಲೆ ಕೊಟ್ಟ ಮಾತು ಮಾರನೇ ದಿನ ಪೇಪರಿನಲ್ಲಿ ಬರುತ್ತದೆ, ಮುಂದೆ ಅದನ್ನು ಹಿಡಿದು ಕೇಳಬಹುದು. ಪಿಂಚಣಿ ನಿಂತುಹೋದ ಒಬ್ಬ ಮುದುಕಿ ಹೆಲಿಪ್ಯಾಡ್ ಬೇಲಿ ಹತ್ತಿರ ಅರ್ಜಿ ಹಿಡಿದು ನಿಲ್ಲುತ್ತಾಳೆ. ಹೊಸ ಜಿಲ್ಲೆಗೆ ಮೊದಲ ಹತ್ತು ವರ್ಷವೇ ಎಲ್ಲವನ್ನೂ ಕಟ್ಟಿಕೊಳ್ಳುವ ಕಾಲ. 1997ರಿಂದ 2007ರವರೆಗೆ ನಮ್ಮ ಪಟ್ಟಣದಲ್ಲಿ ಇದ್ಯಾವುದೂ ಮುಖ್ಯಮಂತ್ರಿಯ ಎದುರಿಗೆ ನಡೆಯಲಿಲ್ಲ.

2021ರ ಮೇ 2ರ ರಾತ್ರಿ ಬಗ್ಗೆ ಹೇಳಲೇಬೇಕು. ಕೋವಿಡ್ ಎರಡನೇ ಅಲೆ. ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು, ಹೊತ್ತಿಗೆ ಸರಿಯಾಗಿ ಬರಲಿಲ್ಲ. ಒಂದೇ ದಿನದಲ್ಲಿ 24 ಜನ ಸತ್ತರು. ಸರ್ಕಾರ ಮೊದಲು, ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಅಂದಿತು. ಆಮೇಲೆ ಹೈಕೋರ್ಟ್ ಸಮಿತಿ ನೇಮಿಸಬೇಕಾಯಿತು. ಆಗ ಮುಖ್ಯಮಂತ್ರಿ ಯಡಿಯೂರಪ್ಪ. ಹಿಂದಿನ ವರ್ಷ ಮಾದಪ್ಪನ ಬೆಟ್ಟಕ್ಕೆ ಬಂದಿದ್ದರು. ಈ ಸಲ ಮಂತ್ರಿಗಳು ಬಂದರು, ಅವರು ಬರಲಿಲ್ಲ. ಜುಲೈನಲ್ಲಿ ಅವರ ಕುರ್ಚಿಯೂ ಹೋಯಿತು, ನಮ್ಮೂರಿಗೆ ಕಾಲಿಡದೆಯೇ.

ಮುಖ್ಯಮಂತ್ರಿ ಬಂದಿದ್ದರೆ ಆ 24 ಜನ ಉಳಿಯುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಬಂದು ಹೋಗುವುದೊಂದೇ ಮದ್ದಲ್ಲ. ಸಿದ್ದರಾಮಯ್ಯನವರ ಕಾಲದಲ್ಲಿ, 2016ರಲ್ಲಿ, ನಮಗೆ ಮೆಡಿಕಲ್ ಕಾಲೇಜು ಬಂತು. ಆದರೂ ಐದು ವರ್ಷದ ಮೇಲೆ ಒಂದು ಸಿಲಿಂಡರ್‌ಗೆ ಮೈಸೂರಿನ ದಾರಿ ಕಾಯುವ ಸ್ಥಿತಿ ತಪ್ಪಲಿಲ್ಲ. ಆದರೆ ಅಷ್ಟು ಹೆಣ ಬಿದ್ದ ಊರಿಗೆ ರಾಜ್ಯದ ಯಜಮಾನ ಬಂದು, ಅಳುತ್ತಿರುವವರ ಎದುರು ನಿಂತು, ಬೈದರೆ ಬೈಸಿಕೊಳ್ಳಬೇಕಲ್ವಾ? ಅದಕ್ಕೂ ಶಕುನ ನೋಡಬೇಕಾ?

ಇದು ನಮ್ಮ ರಾಜ್ಯದ್ದೊಂದೇ ರೋಗವಲ್ಲ. ಉತ್ತರ ಪ್ರದೇಶದಲ್ಲಿ ನೊಯ್ಡಾಗೆ ಹೋದರೆ ಅಧಿಕಾರ ಹೋಗುತ್ತೆ ಅಂತ ನಂಬಿಕೆ. 1988ರಲ್ಲಿ ವೀರಬಹಾದ್ದೂರ್ ಸಿಂಗ್ ಕುರ್ಚಿ ಕಳೆದುಕೊಂಡ ಮೇಲೆ ಶುರುವಾಗಿದ್ದು. ಅಖಿಲೇಶ್ ಯಾದವ್ ನೊಯ್ಡಾದ ಯೋಜನೆಗಳನ್ನು ಲಕ್ನೋದಲ್ಲೇ ಕೂತು ಉದ್ಘಾಟಿಸಿದರು, 2017ರಲ್ಲಿ ಸೋತರು. ಆದಿತ್ಯನಾಥ್ ಹೋದರು, 2022ರಲ್ಲಿ ಮತ್ತೆ ಗೆದ್ದರು. ನೊಯ್ಡಾಗೆ ಕಾರ್ಖಾನೆ ಇದೆ, ದಿಲ್ಲಿ ಪಕ್ಕದಲ್ಲಿದೆ, ಹೇಗೋ ಬೆಳೆಯಿತು. ನಮಗೆ ಒಂದು ಕಡೆ ಕಾಡು, ಇನ್ನೊಂದು ಕಡೆ ಗಡಿ. ಮೈಸೂರಿನಿಂದ ಬರುವ ರೈಲು ನಮ್ಮೂರಲ್ಲಿ ನಿಲ್ಲುತ್ತದೆ, ಮುಂದಕ್ಕೆ ಹಳಿಯೇ ಇಲ್ಲ. ಇಂಥ ಊರಿಗೆ ಸರ್ಕಾರವೇ ಬರದಿದ್ದರೆ ಇನ್ಯಾರು ಬರಬೇಕು?

ಮೌಢ್ಯ ನಿಷೇಧಕ್ಕೆ ಅಂತ ನಮ್ಮ ವಿಧಾನಮಂಡಲವೇ 2017ರಲ್ಲಿ ಕಾನೂನು ಪಾಸು ಮಾಡಿತು. ಹಳ್ಳಿಯ ಮಾಟಗಾರನನ್ನು ಆ ಕಾನೂನು ಹಿಡಿಯಬಹುದು. ಒಂದು ಜಿಲ್ಲಾ ಕೇಂದ್ರವನ್ನೇ ವರ್ಷಗಟ್ಟಲೆ ದೂರ ಇಟ್ಟವರನ್ನು ಹಿಡಿಯುವ ಕಾನೂನು ಎಲ್ಲೂ ಇಲ್ಲ. ಅದು ಮತದಾರರ ಕೆಲಸ. ಬಸವರಾಜ ಬೊಮ್ಮಾಯಿ 2022ರಲ್ಲಿ ಬಂದರು, 2025ರ ಏಪ್ರಿಲ್‌ನಲ್ಲಿ ಸಚಿವ ಸಂಪುಟ ಸಭೆಯೇ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಸಂತೋಷ. ಸಭೆಯಲ್ಲಿ ಒಪ್ಪಿದ್ದರಲ್ಲಿ ಎಷ್ಟು ಕೆಲಸ ಆಯಿತು ಅಂತ ಪ್ರತಿ ವರ್ಷ ಕೇಳುವುದು ಈಗ ನಮ್ಮ ಪಾಳಿ.

ಹಾಗಾಗಿ ನನ್ನನ್ನು ಕಂಡಾಗ ಕುರ್ಚಿಯ ವಿಷಯ ಬಿಡಿ. ಆಸ್ಪತ್ರೆಯಲ್ಲಿ ಈಗ ಆಕ್ಸಿಜನ್‌ಗೆ ಏನು ವ್ಯವಸ್ಥೆ ಇದೆ, ಹಾಡಿಯ ಸೋಲಿಗರ ಮಕ್ಕಳು ಹೈಸ್ಕೂಲಿಗೆ ಹೇಗೆ ಹೋಗುತ್ತಾರೆ, ರೈಲು ಹಳಿ ಯಾವಾಗ ಮುಂದಕ್ಕೆ ಹೋಗುತ್ತೆ ಅಂತ ಕೇಳಿ. ನಿಮ್ಮೂರಿಗೆ ಮುಖ್ಯಮಂತ್ರಿ ಬಂದಾಗ ಅವರನ್ನೂ ಇದನ್ನೇ ಕೇಳಿ. ನಿಮ್ಮೂರಿಗೆ ಅವರು ಬರಲು ಹೆದರುವುದಿಲ್ಲವಲ್ಲ.